ಇರ್ನೆ ಅಂದ್ರ ಯಾರು ಬರ್ತಾರ?

ಹಿಮಾಯತ್‌ನಗರ, ಹೈದರಾಬಾದ್
9 ಜೂನ್ 2024

ಅಹಲ್ಯಾ ಟೀಚರಿಗೆ ಗುರುದೇವಿಯ ನಮಸ್ಕಾರ್ರಿ.

ನಾನು ಯಾರಂತ ನಿಮಗ ಗೊತ್ತಾಗಲಿಕ್ಕಿಲ್ಲ. ಗಚ್ಚಿಬೌಲಿ ಯುನಿವರ್ಸಿಟಿಯಾಗ ನಿಮ್ಮ ಹತ್ರ ಮಂಗೋಲಿಯಾ ಭಾಷಾ ಕಲಿತ ರೇಣುಕಾ ನೆನಪದಾಳೇನ್ರಿ? ಮಾತಿಗೊಮ್ಮೆ ನಗೂ ಹುಡುಗಿ. ಅಲ್ಲೇ ಓದಾಕ ಬಂದಿದ್ದ ಮಂಗೋಲಿಯಾದ ಹುಡುಗನ್ನ ಮದಿವ್ಯಾಗಿ ಅವರೂರಿಗೆ ಹೋದ್ಲಲ್ಲ, ಆಕೀ ಅವ್ವ ನಾನು. ಯುನಿವರ್ಸಿಟಿಗೇ ಹೋಗಿ ನಿಮ್ಮ ಫೋನ್ ನಂಬರ್ ಕೇಳಿದೆ. ಟೀಚರಿಗೆ ಈಗ ಕಿವಿ ಕೇಳಸಂಗಿಲ್ಲ, ಫೋನ್ ಎತ್ತಂಗಿಲ್ಲ, ಮೈಸೂರಾಗ ಅದಾರ, ಕಾಗದ ಬರೀರಿ ಅಂತ ವಿಳಾಸ ಕೊಟ್ರು. ಅದಕ್ಕ ಬರ್ಯಾಕತ್ತೀನಿ. ಏಳನೇ ಕ್ಲಾಸಿನ ತನಕ ಓದೀನಿ, ಅಕ್ಷರ ಸೊಟ್ಟ ಇದ್ರ ಸಂಭಾಳಿಸ್ಕೋರಿ.

ನಂದು ಇಲ್ಲೇ ಗಲ್ಲಿಯಾಗ ಜ್ವಾಳದ ರೊಟ್ಟಿ ಅಂಗಡಿ ಐತಿ. ಸಂಜೀಕ ಬಂಡಿ ಹಚ್ಚಿ ನಾನೂ ಶಿವದೇವಿ ಅನ್ನಾಕೀನೂ ಕೂಡಿ ರೊಟ್ಟಿ ಬಡೀತೀವಿ. ಗಿರಾಕಿ ಎಲ್ಲಾ ತೆಲುಗಿನವ್ರು, ದಿನಾ ಇಡೀ ಬಾಯಾಗ ತೆಲುಗು, ಹಿಂದಿ. ಕನ್ನಡ ಶಿವದೇವಿ ಕೂಡ ಜಗಳಾಡಾಕಷ್ಟ.

ವಿಷಯ ಏನಂದ್ರ, ನನ್ನ ಮೊಮ್ಮಗಳು ಅನು ಅಂತ ಅದಾಳ. ಐದು ವರ್ಷದ್ದು. ಅನು ಅಂದ್ರ ಅವರಾಗೂ ಹೆಸರೈತಂತ, ನಮ್ಮಾಗೂ ಐತಿ. ಅಪ್ಪನ ಕೂಡ, ಆ ಕಡೀ ಅಜ್ಜಿ ಕೂಡ ಅಲ್ಲೇ ಇರ್ತಾಳ. ಆಯ್ತವಾರ ಆಯ್ತವಾರ ವೀಡಿಯೊ ಫೋನ್ ಬರ್ತದ. ಆಕಿಗೆ ಬರೂ ಕನ್ನಡ ನಾಕೇ ಮಾತು, ಅಜ್ಜಿ, ಬಾ, ಊಟ, ಬ್ಯಾಡ. ಈಗ ಅದನೂ ಮರ್ತಂಗ ಕಾಣ್ತದ. ಆಕಿ ಗಿಳಿ ಹಂಗ ಮಾತಾಡ್ತಾಳ, ನಾನು ಗೊಂಬಿ ಹಂಗ ಕುಂದ್ರತೀನಿ. ಅಳಿಯ ಪಕ್ಕದಾಗ ಇದ್ರ ಹಿಂದಿಯಾಗ ತಿಳಿಸಿ ಹೇಳ್ತಾನ, ಇಲ್ಲಂದ್ರ ಇಲ್ಲ.

ನನಗ ಆ ಭಾಷಾ ಕಲಸ್ರಿ. ಪೂರಾ ಬ್ಯಾಡ. ಬರ್ತೀನಿ, ಉಣ್ತೀನಿ, ಮಾಡಾಕತ್ತೀನಿ, ಇಷ್ಟು. ಈಗಿನ ಮಾತಷ್ಟ ಸಾಕು. ಹಿಂದಿನದು ಬ್ಯಾಡ್ರಿ.

ಬರ್ತೀನ್ರಿ,
ಗುರುದೇವಿ

*

ಸರಸ್ವತಿಪುರಂ, ಮೈಸೂರು
19 ಜೂನ್ 2024

ಗುರುದೇವಿಯವರೇ,

ರೇಣುಕಾ ನೆನಪಿಲ್ಲದೆ ಇರುತ್ತಾಳೆಯೇ? ಆರು ಜನರ ತರಗತಿ ನನ್ನದು. ಐವರು ಸ್ಕಾಲರ್‌ಶಿಪ್ಪಿಗೆ ಕಲಿತರು, ಅವಳೊಬ್ಬಳು ಪ್ರೀತಿಗೆ ಕಲಿತಳು. ಪ್ರೀತಿ ಭಾಷೆಯ ಮೇಲೆ ಅಂದುಕೊಂಡಿದ್ದೆ, ಆಮೇಲೆ ಬತ್‌ಬಾಯರ್‌ನನ್ನು ಕರೆದುಕೊಂಡು ಬಂದಾಗ ತಿಳಿಯಿತು.

ನಿಮ್ಮ ಕಾಗದದ ಕೊನೆಯಲ್ಲಿ "ಬರ್ತೀನ್ರಿ" ಎಂದು ಓದಿ ಸೊಸೆಗೆ ಇನ್ನೊಂದು ಹಾಸಿಗೆ ಹಾಸಲು ಹೇಳುವವಳಿದ್ದೆ. ಹೊರಡುವಾಗ ನಾವೂ ಹಾಗೇ ಅನ್ನುತ್ತೇವೆ, ಕಾಗದದಲ್ಲಿ ಬರೆದದ್ದನ್ನು ನೋಡಿದ್ದು ಇದೇ ಮೊದಲು. ನಕ್ಕು ನಕ್ಕು ಸಾಕಾಯಿತು. ಕಿವಿ ಹೋದ ಮೇಲೆ ಮನೆಯಲ್ಲಿ ನನ್ನ ಜೊತೆ ಯಾರೂ ತಮಾಷೆ ಮಾಡುವುದಿಲ್ಲ.

ಪಾಠ ಶುರು ಮಾಡೋಣ. ಹೋಗು ಅನ್ನುವುದಕ್ಕೆ ಯಾವ್. ಬಾಲಕ್ಕೆ ನ ಸೇರಿಸಿ, ಯಾವ್ನ. ಬಾ ಅನ್ನುವುದಕ್ಕೆ ಇರ್. ಅದಕ್ಕೆ ನ ಒಗ್ಗುವುದಿಲ್ಲ, ನೆ ಬೇಕು, ಇರ್ನೆ. ಕೇಳು ಅನ್ನುವುದು ಸೊನ್ಸ್, ಅದಕ್ಕೆ ನೊ, ಸೊನ್ಸೊನೊ. ಮೊದಲಿನ ಸ್ವರ ಯಾವ ಜಾತಿಯೋ ಬಾಲದ ಸ್ವರವೂ ಅದೇ ಜಾತಿ. ಬೇರೆ ಜಾತಿಯವರನ್ನು ಮನೆಗೆ ಸೇರಿಸದ ಭಾಷೆ ಎಂದು ರೇಣುಕಾ ಗೇಲಿ ಮಾಡುತ್ತಿದ್ದಳು. ನಾಲ್ಕನೆಯ ಬಾಲ ಒಂದಿದೆ, ಅದರ ಸ್ವರ ನಮ್ಮಲ್ಲಿಲ್ಲ, ಆಮೇಲೆ ನೋಡೋಣ.

ಒಂದು ಮಾತು ಚೆನ್ನಾಗಿ ನೆನಪಿಡಿ. ನಮ್ಮಲ್ಲಿ ಬರ್ತೀನಿ, ಬರ್ತಾನೆ, ಬರ್ತಾಳೆ ಎಂದರೆ ಬಾಲ ನೋಡಿಯೇ ಯಾರು ಅನ್ನುವುದು ಗೊತ್ತಾಗುತ್ತದೆ. ಅಲ್ಲಿ ಎಲ್ಲರಿಗೂ ಒಂದೇ, ಇರ್ನೆ. ನಾನಾದರೆ ಬಿ ಇರ್ನೆ, ನೀನಾದರೆ ಚಿ ಇರ್ನೆ. ಇವತ್ತು ಬಂದರೂ ಅದೇ, ಮುಂದಿನ ವರ್ಷ ಬಂದರೂ ಅದೇ. ಈಗ ನಡೆಯುತ್ತಾ ಇರುವುದಕ್ಕೆ ಜ್ ಬೈನ ಹಚ್ಚಬೇಕು. ಇದೆಜ್ ಬೈನ, ತಿನ್ನುತ್ತಾ ಇದ್ದಾಳೆ. ಬರೀ ಬೈನ ಅಂದರೆ ಇದ್ದಾಳೆ, ಇದೆ.

ಕಲಿಸುವುದಕ್ಕೆ ನನಗೆ ಖುಷಿಯೇ. ಆದರೆ ಮನೆಯಲ್ಲೇ ರೇಣುಕಾಳಂಥ ಮೇಷ್ಟ್ರಿರುವಾಗ ಈ ಕಿವುಡಿಯನ್ನೇಕೆ ಹುಡುಕಿದಿರಿ? ಅವಳಿಗೆ ಹೇಳಿ, ಟೀಚರಿಗೆ ಒಂದು ಫೋಟೊ ಕಳಿಸಬೇಕಂತೆ ಅಂತ.

ಇಂತು ನಿಮ್ಮ
ಅಹಲ್ಯಾ

*

ಹಿಮಾಯತ್‌ನಗರ
2 ಜುಲೈ 2024

ಟೀಚರ್,

ರೇಣುಕಾ ಇಲ್ರಿ.

ಮೊದಲನೇ ಕಾಗದದಾಗ ಬರೀಬೇಕಂತ ಮಾಡಿದ್ದೆ, ಕೈ ಬರಲಿಲ್ಲ. ಹೋದ ಚಳಿಗಾಲದಾಗ ರಕ್ತದ ಕಾಯಿಲೆ ಅಂತ ಗೊತ್ತಾಗಿ ಇಲ್ಲಿ ದವಾಖಾನಿಗೆ ತೋರಸಾಕ ಬಂದ್ಲು. ಕೂಸನ್ನ ಅಲ್ಲೇ ಬಿಟ್ಟಿದ್ಲು, ವಾಸಿ ಮಾಡ್ಕೊಂಡು ತಿಂಗಳೊಪ್ಪತ್ತಿನಾಗ ಹೊಳ್ಳಿ ಹೋಗ್ತೀನಿ ಅಂತ. ಫೆಬ್ರುವರಿಯಾಗ ತೀರ್ಕೊಂಡ್ಲು. ಅಳಿಯ ಕಡೀ ವಾರ ಬಂದಿದ್ದ. ಅವನ ಹೆಸರು ನನ್ನ ಬಾಯಾಗ ತಿರಗಂಗಿಲ್ಲ, ಬಾತಪ್ಪ ಅಂತೀನಿ. ನಮ್ಮ ಪದ್ಧತಿ ಪ್ರಕಾರ ಇಲ್ಲೇ ಮಣ್ಣು ಮಾಡಿದ್ವಿ. ಅವನೂ ಒಂದು ಹಿಡಿ ಹಾಕಿದ.

ಅವರು ಕೂಸಿಗೆ ಹೇಳಿಲ್ರಿ. ಅವ್ವ ಇಂಡಿಯಾದಾಗ ಅಜ್ಜಿ ಮನ್ಯಾಗ ಅದಾಳ ಅಂದಾರ. ಸಣ್ಣದು, ಸ್ವಲ್ಪ ದೊಡ್ಡಾಕ್ಯಾಗಲಿ ಅಂತ. ನಾನೂ ಹೂಂ ಅಂದೆ. ಈಗ ಆಯ್ತವಾರ ಬಂತಂದ್ರ ಆಕಿ ಫೋನಿನಾಗ ನನ್ನ ಮಾರಿ ನೋಡಂಗಿಲ್ಲ, ನನ್ನ ಹಿಂದಿನ ಬಾಗಿಲಾ ನೋಡ್ತಾಳ. ಒಂದ ಮಾತು ಹತ್ತ ಸರ್ತಿ ಕೇಳ್ತಾಳ. ಈಜ್ ಹಾನ ಬೈನ, ಈಜ್ ಹಾನ ಬೈನ. ಈಜ್ ಅಂದ್ರ ಅವ್ವ ಅಂತ ಗೊತ್ತಿತ್ತು. ಬೈನ ಅಂದ್ರ ಬೈಯೂದು ಅಂತ ತಿಳ್ಕೊಂಡು, ಪಾಪ ಯಾರು ಬೈದ್ರೋ ಕೂಸಿಗೆ ಅಂತ ಸಂಕಟಪಡ್ತಿದ್ದೆ. ನಿಮ್ಮ ಕಾಗದ ನೋಡಿದ ಮ್ಯಾಲೆ ತಿಳೀತು. ಅವ್ವ ಎಲ್ಲದಾಳ ಅಂತ ಕೇಳಾಕತ್ತಾಳ್ರಿ.

ಎಲ್ಲದಾಳ ಅಂದ್ರ ಇಲ್ಲೇ ಅದಾಳ. ಇದು ಸುಳ್ಳೇನಲ್ಲ. ಸೋಮವಾರಕ್ಕೊಮ್ಮೆ ಹೋಗಿ ನೀರು ಹಾಕಿ ಬರ್ತೀನಿ. ಇಲ್ಲೇ ಅದಾಳ ಅನ್ನಾಕ ಏನನ್ನಬೇಕು, ಅಷ್ಟ ಬರ್ದು ಕಳಸ್ರಿ.

ಫೋಟೊ ಕೇಳಿದ್ರಿ. ಒಂದು ಇಟ್ಟೀನಿ ಇದರಾಗ. ಮದಿವಿದು.

ಬರ್ತೀನ್ರಿ,
ಗುರುದೇವಿ

*

ಸರಸ್ವತಿಪುರಂ
11 ಜುಲೈ 2024

ಗುರುದೇವಿಯವರೇ,

ನಿಮ್ಮ ಕಾಗದ ಬಂದು ಮೂರು ದಿನ ಮೇಜಿನ ಮೇಲೇ ಇತ್ತು. ನಾನು ನಗುತ್ತಾ ಬರೆದದ್ದನ್ನು ನೀವು ಯಾವ ಹೊತ್ತಿನಲ್ಲಿ ಓದಿದಿರೋ. ಫೋಟೊ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ, ದಿನಾ ತೆಗೆಯುವ ವಸ್ತು ಅದೊಂದೇ.

ಇಲ್ಲಿ ಎನ್ನುವುದಕ್ಕೆ ಎಂದ್. ಈಜ್ ಎಂದ್ ಬೈನ, ಅಮ್ಮ ಇಲ್ಲಿದ್ದಾಳೆ.

ಕೇಳಿದ್ದನ್ನು ಕೊಟ್ಟೆ. ಈಗ ಕೇಳದೆ ಇರುವುದನ್ನೂ ಒಂದು ಹೇಳುತ್ತೇನೆ, ಬೈದುಕೊಳ್ಳಿ. ನಮ್ಮ ಯಜಮಾನರು ತೀರಿಕೊಂಡ ಮೇಲೂ ಕೆಲಸದವಳಿಗೆ ನಾನು "ಅವರು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ" ಅನ್ನುತ್ತಿದ್ದೆ. ಅವಳು ದಿನಾ ಎರಡು ಲೋಟ ತರುತ್ತಿದ್ದಳು. ಒಂದು ಆರಿ ಹೋಗುತ್ತಿತ್ತು. ದೊಡ್ಡವರಾದ ನಮಗೆ ಅದು ನಡೆಯುತ್ತದೆ. ಮಗು ಹಾಗಲ್ಲ, ಹೇಳಿದ್ದನ್ನು ಹಾಗೇ ನಂಬಿ ಕಾಯುತ್ತದೆ. ಯಾರಾದರೂ ಹೇಳಬೇಕು. ಅವಳ ಅಪ್ಪನೇ ಹೇಳಿದರೆ ಒಳ್ಳೆಯದು.

ತೀರಿಕೊಂಡಳು ಅನ್ನುವುದಕ್ಕೆ ಅವರು ಏನನ್ನುತ್ತಾರೋ ಅದನ್ನು ಕಾಗದದ ಕೊನೆಯಲ್ಲಿ ಒಂದು ಗೆರೆ ಎಳೆದು ಅದರ ಕೆಳಗೆ ಬರೆದಿದ್ದೇನೆ. ಭೂತಕಾಲದ ಬಾಲವೂ ಅಲ್ಲೇ ಇದೆ, ಒಂದೇ ಸಾಲಿನಲ್ಲಿ ಕಲಿಯಬಹುದು. ನಿಮಗೆ ಯಾವಾಗ ಬೇಕೋ ಆಗ ನೋಡಿಕೊಳ್ಳಿ.

ನಿಮ್ಮ
ಅಹಲ್ಯಾ

*

ಹಿಮಾಯತ್‌ನಗರ
24 ಜುಲೈ 2024

ಟೀಚರ್,

ಗೆರಿ ಕೆಳಗಿಂದು ನಾ ಓದಲಿಲ್ಲ. ಹರದು ಒಲಿಗೆ ಹಾಕಿದೆ. ಸಿಟ್ಟಾಗಬ್ಯಾಡ್ರಿ. ಹಿಂದಿನದು ಬ್ಯಾಡ ಅಂತ ಮೊದಲ ಹೇಳಿದ್ದೆ. ಸಕ್ಕರಿ ಬ್ಯಾಡ ಅಂದಾರಿಗೆ ಸಕ್ಕರಿ ಹಾಕಿ ಕೊಟ್ರ ಹೆಂಗ್ರಿ?

ಇರಲಿ, ಈ ಆಯ್ತವಾರದ ಸುದ್ದಿ ಕೇಳ್ರಿ. ನಾ ಮಾತಾಡಿದೆ! ಚಿ ಹೋಲ್ ಇದೆಜ್ ಬೈನ ಊ ಅಂದೆ, ಊಟ ಮಾಡಾಕತ್ತೀಯೇನು ಅಂತ. ಈ ಮಾತು ಬಾತಪ್ಪನ ಹತ್ರ ಕೇಳಿ ತಗೊಂಡಿದ್ದೆ, ಬಾಲ ಮಾತ್ರ ನಿಮ್ಮದು. ಕೂಸು ಹೌಹಾರಿ ಅಪ್ಪನ್ನ ನೋಡ್ತು, ಆ ಕಡೀ ಅಜ್ಜೀನ ಕರ್ಕೊಂಡು ಬಂತು. ಆಯಮ್ಮಾನೂ ಹಲ್ಲಿಲ್ಲದ ಬಾಯಿ ತಕ್ಕೊಂಡು ನಕ್ಕಳು. ಉಂತನ ಅಂದ್ರ ಮಲಗೂದಂತ, ನನಗ ಉಂಡಾನ ಅಂದಂಗ ಕೇಳ್ತದ. ಅದಕ್ಕೂ ಇದಕ್ಕೂ ಕೂಡಿಸಿ ಏನೋ ಅಂದೆ, ಎಲ್ಲಾರೂ ಬಿದ್ದು ಬಿದ್ದು ನಕ್ರು. ಆಮ್ಯಾಲೆ ಸಂಜೀ ರೊಟ್ಟಿಗೆ ನಾದಿದ ಹಿಟ್ಟಿನಾಗ ಗುಬ್ಬಿ ಮಾಡಿ ತೋರಿಸಿದೆ. ರೇಣುಕಾ ಸಣ್ಣಾಕಿದ್ದಾಗ ಬಂಡಿ ಕೆಳಗ ಕುಂತು ಮಾಡೂದು ಅದ. ನಾ ರೊಟ್ಟಿ ಬಡದಂಗ ಆಕಿ ಗುಬ್ಬಿ ಸಾಲ ಹಚ್ಚಾಕಿ.

ಈಜ್ ಹಾನ ಬೈನ ಅಂತ ಕೇಳಿದ್ಲು. ಈಜ್ ಎಂದ್ ಬೈನ ಅಂದೆ. ಅದಾದ ಮ್ಯಾಲೆ ಇರ್ನೂ ಇರ್ನೂ ಅಂತ ಏನೋ ಅಂದ್ಲು. ಬಾತಪ್ಪ ಒಳಗ ಹೋಗಿದ್ದ. ಇಲ್ಲಿ ಹಿಟ್ಟು ಆರಾಕತ್ತಿತ್ತು, ಶಿವದೇವಿ ಕೂಗಾಕತ್ತಿದ್ಲು. ಫೋನ್ ಇಡೂ ಮುಂದ ಹೋಗ್ತೀನಿ ಅಂತ ಕೂಸಿಗೆ ಹೇಳಬಾರದಲ್ಲ? ಅದಕ್ಕ ಇರ್ನೆ ಅಂದೆ. ಬರ್ತೀನಿ ಅಂತ. ಅನು ಕುಣದಾಡಿಬಿಟ್ಲು, ಟೀಚರ್. ಹಾಸಿಗಿ ಮ್ಯಾಲೆ ಹತ್ತಿ ಜಿಗಿದಾಡಿದ್ಲು. ಆಕಿ ನಗೂದು ನಾ ನೋಡಿರಲೇ ಇಲ್ಲ ಫೆಬ್ರುವರಿಯಿಂದ.

ನಿಮ್ಮ ಉಪಕಾರ ಮರಿಯಂಗಿಲ್ಲ.

ಬರ್ತೀನ್ರಿ,
ಗುರುದೇವಿ

*

ಸರಸ್ವತಿಪುರಂ
31 ಜುಲೈ 2024

ಗುರುದೇವಿಯವರೇ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಅನು ಕೇಳಿದ "ಇರ್ನೂ" ಅಂದರೆ "ಬರ್ತಾಳಾ?" ಎಂದು. ಇರ್ನೆ ಊ ಅನ್ನುವುದನ್ನು ಬೇಗ ಅಂದರೆ ಹಾಗೆ ಕೇಳುತ್ತದೆ. ಅವಳು ಅಮ್ಮ ಎಲ್ಲಿ ಅಂದಳು, ಇಲ್ಲೇ ಇದ್ದಾಳೆ ಅಂದಿರಿ. ಬರ್ತಾಳಾ ಅಂದಳು, ಇರ್ನೆ ಅಂದಿರಿ. ನೀವು ಹೇಳಿದ್ದು ಬರ್ತೀನಿ. ಅವಳಿಗೆ ಕೇಳಿದ್ದು ಬರ್ತಾಳೆ.

ಬಿ ಅನ್ನುವ ಅಕ್ಷರವೊಂದಿದ್ದರೆ ಬೇರೆಯಾಗುತ್ತಿತ್ತು. ಹೊರಡುವಾಗ ಅವರು ಬರ್ತೀನಿ ಅನ್ನುವುದಿಲ್ಲ, ಬಾಯರ್ತೈ ಅನ್ನುತ್ತಾರೆ. ಅದನ್ನು ನಾನು ಕಲಿಸಲೇ ಇಲ್ಲ. ನಿಮ್ಮ "ಬರ್ತೀನ್ರಿ" ನೋಡಿ ನಕ್ಕವಳು ನಾನೇ, ನನಗೆ ಹೊಳೆಯಬೇಕಾಗಿತ್ತು.

ಬತ್‌ಬಾಯರ್‌ಗೆ ತಕ್ಷಣ ಫೋನ್ ಮಾಡಿ.

ಅಹಲ್ಯಾ

*

ಹಿಮಾಯತ್‌ನಗರ
14 ಆಗಸ್ಟ್ 2024

ಟೀಚರ್,

ನಿಮ್ಮ ಕಾಗದ ಬರೂಕಿಂತ ಮುಂಚೇನ ಬಾತಪ್ಪನ ಫೋನ್ ಬಂತು. ಹೈದರಾಬಾದಿನ ಹಿಂದಿ ಅವಂದು, ಇಲ್ಲೇ ಕಲತದ್ದು. ಅಮ್ಮಾ, ನೀವು ಕೂಸಿಗೆ ಏನು ಹೇಳಿದ್ರಿ ಅಂದ. ನಾ ಏನೂ ಹೇಳಿಲ್ಲಪ್ಪ, ಬರ್ತೀನಿ ಅಂದೆ ಅಂದೆ. ಆವಾಗ ಅವ ಅಲ್ಲಿ ನಡದದ್ದು ಹೇಳಿದ.

ಅವರ ಮನ್ಯಾಗ ಒಳಗಡೆ ಹಾಕ್ಕೊಳ್ಳೂ ಚಪ್ಪಲ್ ಬ್ಯಾರೆ ಇರ್ತಾವಂತ, ಬಾಗಿಲದಾಗ ಬೂಟು ಬಿಚ್ಚಿ ಅದನ್ನ ಹಾಕ್ಕೋತಾರಂತ. ಅನು ಅವ್ವನ ಚಪ್ಪಲ್ ಹುಡುಕಿ ತಗದು ಬಾಗಿಲದಾಗ ಇಟ್ಟಾಳ. ಯಾರಿಗೂ ಮುಟ್ಟಗೊಡಂಗಿಲ್ಲ. ಮ್ಯಾಲೆ ಬರೂ ಲಿಫ್ಟ್ ಸಪ್ಪಳಾದ್ರ ಸಾಕು, ಓಡಿ ಹೋಗಿ ನಿಂದರ್ತಾಳಂತ. ಬಾಲವಾಡಿಯಾಗ ಎಲ್ಲಾ ಹುಡುಗರಿಗೂ ನಮ್ಮವ್ವ ಬರ್ತಾಳ ಅಂತ ಹೇಳಿ ಬಂದಾಳ. ಅಪ್ಪ ಇಲ್ಲಮ್ಮ ಅಂದ್ರ, ನಿನಗೇನ ಗೊತ್ತು, ಅವ್ವ ಇರೂದು ಅಜ್ಜಿ ಮನ್ಯಾಗ, ಅಜ್ಜಿ ಹೇಳ್ಯಾಳ ಅಂತಾಳಂತ.

ನಾ ರೊಟ್ಟಿ ಬಡದು ಬಡದು ಈ ಕೈ ಗಟ್ಟಿ ಆಗ್ಯಾವ, ಏನೂ ಆಗಂಗಿಲ್ಲ ಅಂತ ತಿಳ್ಕೊಂಡಿದ್ದೆ. ಅವತ್ತು ಹೆಂಚಿನ ಮ್ಯಾಲೆ ಕೈ ಇಟ್ಟದ್ದೂ ಗೊತ್ತಾಗಲಿಲ್ಲ. ಶಿವದೇವಿ ಎಳಕೊಂಡ್ಲು. ಅಂಗಡಿ ಬಂದ್ ಮಾಡಿ ಅಳಾಕ ಕುಂತೆ, ಗಿರಾಕಿ ನಿಂತು ನೋಡಾಕತ್ತಿದ್ರು.

ಬಾತಪ್ಪ ಕಡೀಕ ಅಂದದ್ದು ಒಂದ ಮಾತು, "ಅಮ್ಮಾ, ನಾನು ಹೇಳಿದ್ರ ಆಕಿ ನಂಬಂಗಿಲ್ಲ. ನೀವೇ ಹೇಳಬೇಕು."

ಖರೇ ಐತಿ. ನನ್ನ ಬಾಯಿಂದ ಹೋದದ್ದು ನನ್ನ ಬಾಯಿಂದಾನ ಬರಬೇಕು. ಟೀಚರ್, ಬರಂಗಿಲ್ಲ ಅನ್ನಾಕ ಏನನ್ನಬೇಕ್ರಿ? ಸತ್ಲು ಅಂತ ಬ್ಯಾಡ. ಅದನ್ನ ನಾ ಕನ್ನಡದಾಗೂ ಇನ್ನೂ ಅಂದಿಲ್ಲ, ಇಲ್ಲ ಅಂದೀನಿ, ತೀರ್ಕೊಂಡ್ಲು ಅಂದೀನಿ. ಬರಂಗಿಲ್ಲ ಅಂತಷ್ಟ ಹೇಳಿಕೊಡ್ರಿ.

ಗುರುದೇವಿ

*

ಸರಸ್ವತಿಪುರಂ
22 ಆಗಸ್ಟ್ 2024

ಗುರುದೇವಿಯವರೇ,

ಇರೆಹ್‌ಗುಯ್. ಇದೂ ವರ್ತಮಾನವೇ, ನೀವು ಬೇಡವೆಂದ ಕಾಲಕ್ಕೆ ಹೋಗಬೇಕಾಗಿಲ್ಲ. ಬರುವುದಿಲ್ಲ, ಇವತ್ತೂ ಇಲ್ಲ, ಮುಂದೂ ಇಲ್ಲ, ಎರಡಕ್ಕೂ ಈ ಒಂದೇ ಮಾತು. ಹ ಅನ್ನುವುದನ್ನು ಗಂಟಲಿನಿಂದ ಅನ್ನಿ, ಬಿಸಿ ತಿಂದು ಉಫ್ ಅನ್ನುವ ಹಾಗೆ.

ಈಜ್ ಇರೆಹ್‌ಗುಯ್. ಈಜ್ ಅನ್ನುವುದನ್ನು ಬಿಡಬೇಡಿ. ಯಾರು ಬರುವುದಿಲ್ಲ ಎಂದು ಆ ಕ್ರಿಯಾಪದ ಹೇಳುವುದಿಲ್ಲ, ನೀವೇ ಹೇಳಬೇಕು. ಬಿಟ್ಟರೆ ಅಜ್ಜಿಯೂ ಬರುವುದಿಲ್ಲ ಅಂದುಕೊಂಡೀತು ಮಗು.

ಅಪ್ಪ ಪಕ್ಕದಲ್ಲಿ ಕೂತಿರುವಾಗ ಹೇಳಿ. ಹೇಳಿದ ಮೇಲೆ ಫೋನ್ ಇಡಬೇಡಿ. ಮಾತು ಬರದಿದ್ದರೂ ಪರವಾಗಿಲ್ಲ, ಮುಖ ಕಾಣುತ್ತಾ ಇರಲಿ. ನನಗೀಗ ಎಲ್ಲರ ಮಾತೂ ಮುಖದಲ್ಲೇ, ಅದರಲ್ಲಿ ತುಂಬ ಇರುತ್ತದೆ.

ಕೈ ಸುಟ್ಟದ್ದಕ್ಕೆ ಏನು ಹಚ್ಚಿದಿರಿ? ಬರೆಯಿರಿ.

ನಿಮ್ಮ
ಅಹಲ್ಯಾ

*

ಹಿಮಾಯತ್‌ನಗರ
29 ಸೆಪ್ಟೆಂಬರ್ 2024

ಟೀಚರ್,

ಒಂದೂವರಿ ತಿಂಗಳಾತು ಬರೀದ. ಕೈ ವಾಸಿ ಆಗೈತಿ, ಲೋಳಸರ ಹಚ್ಚಿದ್ದೆ.

ಹೇಳಿದೆ. ಅವತ್ತು ಹಿಟ್ಟು ಮುಟ್ಟಲಿಲ್ಲ, ಮೈ ತೊಳ್ಕೊಂಡು ಈಬತ್ತಿ ಹಚ್ಚಿ ಕುಂತೆ. ಬಾತಪ್ಪ ಕೂಸನ್ನ ತೊಡಿ ಮ್ಯಾಲೆ ಕುಂದರಿಸ್ಕೊಂಡಿದ್ದ. ಅನು ಬಾಗಿಲ ನೋಡಾಕತ್ತಿದ್ಲು, ನನ್ನ ಹಿಂದಿನ ಬಾಗಿಲ. ಅನು ಅಂತ ಕರದೆ. ಈಜ್ ಇರೆಹ್‌ಗುಯ್ ಅಂದೆ.

ಗಂಟಲ ಸರಿ ಬಂತೋ ಇಲ್ಲೋ ಗೊತ್ತಿಲ್ಲ. ಕೂಸು ಅಪ್ಪನ ಮಾರಿ ನೋಡ್ತು. ಅವ ತಲಿ ತಗ್ಗಿಸಿದ. ಅದು ಹೊಳ್ಳಿ ನನ್ನ ನೋಡ್ತು, ನಾನು ಇನ್ನೊಂದು ಸರ್ತಿ ಅಂದೆ. ಆವಾಗ ಆಕಿ ಅಂದದ್ದು ಮಂಗೋಲಿಯಾ ಭಾಷಾ ಅಲ್ರಿ.

"ಅಜ್ಜಿ, ಬ್ಯಾಡ."

ಮರ್ತಾಳಂತ ತಿಳ್ಕೊಂಡಿದ್ದೆ. ಮರ್ತಿರಲಿಲ್ಲ. ಥೇಟ ರೇಣುಕಾನ ಬಾಯಿ. ಔಷಧಿ ಕುಡಸಾಕ ಹೋದ್ರ ಆಕೀನೂ ಹಿಂಗ ಅಂತಿದ್ಲು, ಬ್ಯಾ ಅನ್ನೂದನ್ನ ಉದ್ದ ಎಳದು. ಬ್ಯಾಡ, ಬ್ಯಾಡ ಅಂತ ಅಂದು ಅಂದು ಕೂಸು ಫೋನಿನ ಮ್ಯಾಲೆ ಅಂಗೈ ಇಟ್ಟುಬಿಡ್ತು. ನನಗ ಆಕೀ ಅಂಗೈ ಅಷ್ಟ ಕಾಣ್ತಿತ್ತು, ಕೆಂಪಗ. ನೀವು ಹೇಳಿದಂಗ ನಾ ಫೋನ್ ಇಡಲಿಲ್ಲ. ಆ ಕೈಗೇ ಹೇಳಿದೆ, ಬಿ ಇರ್ನೆ ಅಂತ. ಅವ್ವ ಬರಂಗಿಲ್ಲ, ನಾ ಬರ್ತೀನಿ. ಬಿ ಅನ್ನೂದನ್ನ ಒತ್ತಿ ಅಂದೆ. ಎದಿ ಮುಟ್ಟಿಕೊಂಡು ಅಂದೆ.

ಮುಂದಿನ ಆಯ್ತವಾರ ಆಕಿ ಫೋನಿಗೆ ಬರಲಿಲ್ಲ. ಚಪ್ಪಲ್ ಒಗದುಬಿಟ್ಟಾಳ, ಮಂಚದ ಕೆಳಗ ಬಿದ್ದಾವ ಅಂದ ಬಾತಪ್ಪ. ಅದರ ಮುಂದಿನ ವಾರಾನೂ ಬರಲಿಲ್ಲ. ನನಗ ಊಟ ಸೇರಲಿಲ್ಲ. ಹೇಳಬಾರದಿತ್ತೇನೋ ಅಂತ ನಿಮ್ಮ ಮ್ಯಾಲೆ ಸಿಟ್ಟು ಬಂದಿತ್ತು, ಅದಕ್ಕ ಕಾಗದ ಬರೀಲಿಲ್ಲ. ಮಾಫ್ ಮಾಡ್ರಿ.

ಇವತ್ತು ಬಂದಿದ್ಲು. ಮಾತಿಲ್ಲ, ನಗೂ ಇಲ್ಲ. ಫೋನ್ ಹಿಡ್ಕೊಂಡು ಬಾಗಿಲತನಕ ನಡದು ಕೆಳಗ ತೋರಿಸಿದ್ಲು. ಅದ ಚಪ್ಪಲ್, ರೇಣುಕಾನವು, ಒರಸಿ ಜೋಡಿಸಿ ಇಟ್ಟಾಳ. ಮತ್ತ ಅವ್ವನ ಹಾದಿ ಕಾಯಾಕತ್ತಾಳೇನೋ ಅಂತ ತಿಳ್ಕೊಂಡೆ. ಇವು ಯಾರಿಗೆ ಅಂತ ಬಾತಪ್ಪ ಅವರ ಭಾಷಾದಾಗ ಕೇಳಿದ. ಕೂಸು ನನ್ನ ಕಡೆ ಬಟ್ಟ ಮಾಡಿ ತೋರಿಸಿ, "ಅಜ್ಜಿ, ಬಾ" ಅಂತು.

ನನ್ನ ಕಾಲು ರೇಣುಕಾನ ಕಾಲಿಗಿಂತ ದೊಡ್ಡವು, ಹಿಡಿಯಂಗಿಲ್ಲ. ಹಿಂಬಡ ಹೊರಗಿಟ್ಟು ಹಾಕ್ಕೋತೀನಿ. ಪಾಸ್‌ಪೋರ್ಟಿಗೆ ಹಾಕೀನಿ, ಪೊಲೀಸ್ ಬಂದು ನೋಡಿ ಹೋಗ್ಯಾನ. ಚಳಿ ಮುಗದ ಮ್ಯಾಲೆ ಬರ್ರಿ ಅಂತಾನ ಬಾತಪ್ಪ. ಅಷ್ಟು ದಿನ ಆ ಚಪ್ಪಲ್ ಬಾಗಿಲದಾಗ ಇಡಸಾಕ ನಾ ತಯಾರಿಲ್ಲ, ಪಾಸ್‌ಪೋರ್ಟ್ ಕೈಗೆ ಬಂದ ಕೂಡ್ಲೆ ಹೊಂಡ್ತೀನಿ. ಅಂಗಡಿ ಶಿವದೇವಿ ನೋಡ್ಕೋತಾಳ, ಉಪ್ಪು ಜಾಸ್ತಿ ಹಾಕ್ತಾಳ, ಹಾಕಲಿ.

ಟೀಚರ್, ಒಂದು ಕೇಳೂದೈತಿ. ನಾ ಒಲಿಗೆ ಹಾಕಿದೆನಲ್ಲ, ಗೆರಿ ಕೆಳಗಿಂದು, ಅದನ್ನ ಮತ್ತೊಮ್ಮೆ ಬರ್ದು ಕಳಸ್ರಿ. ಅಲ್ಲಿಗೆ ಹೋಗಿ ಹಿಟ್ಟು ನಾದಿ ಗುಬ್ಬಿ ಮಾಡಿಕೊಡ್ತೀನಿ ಅನುಗ. ಇದನ್ನ ನಿಮ್ಮವ್ವಾನೂ ಮಾಡ್ತಿದ್ಲು ಅಂತ ಹೇಳಬೇಕು. ಮಾಡ್ತಾಳ ಅಂತ ಹೇಳಾಕ ಬರಂಗಿಲ್ಲಲ್ರಿ.

ಗುರುದೇವಿ